ಚಾರ್ಮಾಡಿ ಹತ್ತಲು ಪೆಟ್ರೋಲೇ ಬೇಕೆ? ನೀರು, ಹೊಂಗೆ, ಕಾಫಿ ಚರಟ, ಎಥೆನಾಲ್, ಬ್ಯಾಟರಿ: ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

"ನೀರಿನಲ್ಲಿ ಓಡುವ ಕಾರು ಬಂದಾಗಿದೆ, ಪೆಟ್ರೋಲ್ ಕಂಪನಿಗಳು ಮುಚ್ಚಿಟ್ಟಿವೆ." "ಎಲೆಕ್ಟ್ರಿಕ್ ಗಾಡಿ ಘಾಟಿ ಹತ್ತುವುದಿಲ್ಲ, ಅರ್ಧದಲ್ಲೇ ಕೈಕೊಡುತ್ತದೆ." "ಲಂಡನ್‌ನಲ್ಲಿ ಬಸ್ಸು ಕಾಫಿಯಲ್ಲಿ ಓಡುತ್ತಿದೆ, ಕಾಫಿ ಬೆಳೆಯುವ ನಾವು ಮಾತ್ರ ಡೀಸೆಲ್ ಕೊಳ್ಳುತ್ತಿದ್ದೇವೆ." "ಇ20 ಪೆಟ್ರೋಲ್ ಹಾಕಿಸಿದರೆ ಮಳೆಗಾಲದಲ್ಲಿ ಟ್ಯಾಂಕ್ ತುಂಬಾ ನೀರು."

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವಂಥ ಸಂದೇಶಗಳಿವು. ಇವುಗಳಲ್ಲಿ ಒಂದು ಪೂರ್ತಿ ಸುಳ್ಳು. ಉಳಿದವು ಅರ್ಧ ನಿಜ, ಮತ್ತು ಅರ್ಧ ನಿಜವೇ ಹೆಚ್ಚು ತೊಂದರೆ ಕೊಡುವುದು.

ಬೆಟ್ಟದ ಊರಿನವರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ಮಳೆಗಾಲದ ರಾತ್ರಿ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮಂಗಳೂರಿಗೋ ಹಾಸನಕ್ಕೋ ಹೊರಡಬೇಕು. ಆಗ ಗಾಡಿ ಹೊರಡಲೇಬೇಕು. ಸಾಲ ಮಾಡಿ ತಪ್ಪು ಗಾಡಿ ಕೊಂಡವರೂ, ಫಾರ್ವರ್ಡ್ ನಂಬಿ ಸರಿಯಾದ ಗಾಡಿ ಕೊಳ್ಳದೆ ಬಿಟ್ಟವರೂ ಇಬ್ಬರೂ ನಷ್ಟ ಅನುಭವಿಸುತ್ತಾರೆ. ಹಾಗಾಗಿ ಎಲ್ಲ ಇಂಧನಗಳನ್ನೂ ಒಂದೇ ರಸ್ತೆಯಲ್ಲಿ, ಒಂದೇ ಅಳತೆಗೋಲಿನಿಂದ ಅಳೆದು ನೋಡೋಣ. ರಸ್ತೆ: ಚಾರ್ಮಾಡಿ ಘಾಟಿ. ಅಳತೆಗೋಲು: ನಿಮ್ಮ ಕರೆಂಟ್ ಬಿಲ್ಲಿನಲ್ಲಿರುವ 'ಯೂನಿಟ್'.

ಎಲ್ಲ ಇಂಧನಕ್ಕೂ ಒಂದೇ ಅಳತೆ

1000 ವಾಟ್‌ನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಇದು ಶಕ್ತಿಯ ಅಳತೆ. ಹಾಗಾಗಿ ಕರೆಂಟನ್ನು ಮಾತ್ರವಲ್ಲ, ಪೆಟ್ರೋಲನ್ನೂ ಸಗಣಿಯನ್ನೂ ಇದರಲ್ಲೇ ಅಳೆಯಬಹುದು. ಸ್ಥೂಲ ಲೆಕ್ಕ ಹೀಗಿದೆ:

• 1 ಲೀಟರ್ ಡೀಸೆಲ್: ಸುಮಾರು 10 ಯೂನಿಟ್
• 1 ಲೀಟರ್ ಪೆಟ್ರೋಲ್: ಸುಮಾರು 9 ಯೂನಿಟ್
• 1 ಲೀಟರ್ ಎಥೆನಾಲ್: ಸುಮಾರು 6 ಯೂನಿಟ್
• 1 ಘನ ಮೀಟರ್ ಗೋಬರ್ ಗ್ಯಾಸ್: ಸುಮಾರು 6 ಯೂನಿಟ್
• 1 ಕೆ.ಜಿ. ಹೈಡ್ರೋಜನ್: ಸುಮಾರು 33 ಯೂನಿಟ್
• 1 ಲೀಟರ್ ನೀರು: ಸೊನ್ನೆ

ಈಗ ಘಾಟಿ. ಬುಡದಿಂದ ಕೊಟ್ಟಿಗೆಹಾರದವರೆಗಿನ ಏರನ್ನು ಲೆಕ್ಕಕ್ಕೆ 800 ಮೀಟರ್, ದೂರವನ್ನು 25 ಕಿ.ಮೀ. ಎಂದಿಟ್ಟುಕೊಳ್ಳೋಣ. ಜನ, ಸಾಮಾನು ಸೇರಿ 1500 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 3.3 ಯೂನಿಟ್. ರಸ್ತೆಯ ಉಜ್ಜುವಿಕೆ, ಗಾಳಿಯ ತಡೆ ಎಲ್ಲ ಇದರ ಮೇಲೆ ಬೇರೆ.

ಈ 3.3 ಯೂನಿಟ್ ಭೂಮಿಗೆ ಕಟ್ಟಲೇಬೇಕಾದ ಸುಂಕ. ಇಂಧನ ಯಾವುದೇ ಇರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಬದಲಾಗುವುದು ಎರಡೇ: ಆ ಶಕ್ತಿ ಎಲ್ಲಿಂದ ಬಂತು, ಮತ್ತು ಚಕ್ರ ತಲುಪುವ ಮೊದಲು ದಾರಿಯಲ್ಲಿ ಎಷ್ಟು ಪೋಲಾಯಿತು. ಪೆಟ್ರೋಲ್ ಇಂಜಿನ್ ತಾನು ಸುಟ್ಟ ಶಕ್ತಿಯಲ್ಲಿ ನೂರಕ್ಕೆ 25ರಿಂದ 30 ಪಾಲನ್ನು ಮಾತ್ರ ಚಕ್ರಕ್ಕೆ ಕೊಡುತ್ತದೆ. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಘಾಟಿಯ ಸುಂಕಕ್ಕೇ ಒಂದೂಕಾಲರಿಂದ ಒಂದೂವರೆ ಲೀಟರ್ ಪೆಟ್ರೋಲ್ ಬೇಕು.

ಈ ಒಂದು ಲೆಕ್ಕ ಕೈಯಲ್ಲಿದ್ದರೆ ಅರ್ಧಕ್ಕರ್ಧ ಫಾರ್ವರ್ಡ್‌ಗಳು ತಾವಾಗಿಯೇ ಜಾರಿಬೀಳುತ್ತವೆ.

ನೀರಿನಲ್ಲಿ ಓಡುವ ಕಾರು: ಸುಳ್ಳು

ನೀರಿನಲ್ಲಿ ಹೈಡ್ರೋಜನ್ ಇರುವುದು ನಿಜ. ಹೈಡ್ರೋಜನ್ ಉರಿಯುವುದೂ ನಿಜ. ಆದರೆ ನೀರು ಎಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್. ಒಲೆಯಲ್ಲಿ ಸೌದೆ ಉರಿದ ಮೇಲೆ ಬೂದಿ ಉಳಿಯುವ ಹಾಗೆ, ಹೈಡ್ರೋಜನ್ ಉರಿದ ಮೇಲೆ ಉಳಿಯುವುದು ನೀರು. ಬೂದಿಯನ್ನು ಮತ್ತೆ ಒಲೆಗೆ ಹಾಕಿ ಅನ್ನ ಬೇಯಿಸಲು ಆಗುತ್ತದೆಯೇ?

ನೀರನ್ನು ಕರೆಂಟ್ ಹಾಯಿಸಿ ಒಡೆದರೆ ಹೈಡ್ರೋಜನ್ ಮತ್ತೆ ಸಿಗುತ್ತದೆ. ಆದರೆ 1 ಕೆ.ಜಿ. ಹೈಡ್ರೋಜನ್ ಪಡೆಯಲು ಇಂದಿನ ಯಂತ್ರಗಳಲ್ಲಿ 50 ಯೂನಿಟ್‌ಗೂ ಹೆಚ್ಚು ಕರೆಂಟ್ ಬೇಕು, ಅದು ಹಿಂದಿರುಗಿಸುವುದು 33 ಯೂನಿಟ್. 50 ಕೊಟ್ಟು 33 ಪಡೆಯುವ ವ್ಯಾಪಾರ ಇದು. ಕಾರಿನ ಬ್ಯಾಟರಿಯಿಂದಲೇ ನೀರನ್ನು ಒಡೆದು, ಅದೇ ಹೈಡ್ರೋಜನ್‌ನಿಂದ ಕಾರು ಓಡಿಸಿ, ಬ್ಯಾಟರಿಯನ್ನೂ ತುಂಬಿಸುತ್ತೇವೆ ಎನ್ನುವ ಕಿಟ್‌ಗಳು ಮೈಲೇಜ್ ಹೆಚ್ಚಿಸುವುದಿಲ್ಲ, ಕಡಿಮೆ ಮಾಡುತ್ತವೆ.

ಬೇರೆ ಕಡೆ ತಯಾರಿಸಿದ ಹೈಡ್ರೋಜನ್ ತುಂಬಿಸಿಕೊಂಡು ಓಡುವ ಗಾಡಿಗಳು ನಿಜಕ್ಕೂ ಇವೆ. ಅಲ್ಲಿ ಇಂಧನ ಹೈಡ್ರೋಜನ್, ನೀರಲ್ಲ. ಫಾರ್ವರ್ಡ್‌ನ ವಿಡಿಯೋದಲ್ಲಿ ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕುವುದನ್ನು ತೋರಿಸಿ, ಟ್ಯಾಂಕಿಗೂ ನೀರೇ ಹಾಕಿದ್ದು ಎಂದು ನಂಬಿಸುತ್ತಾರೆ.

ಇಂಥ ಮಾತು ಹೊಸದಲ್ಲ. 1996ರಲ್ಲಿ ತಮಿಳುನಾಡಿನಿಂದ 'ಮೂಲಿಕೆ ಪೆಟ್ರೋಲ್' ಸುದ್ದಿ ದೇಶವನ್ನೇ ಎಬ್ಬಿಸಿತ್ತು. ಗಿಡದ ಎಲೆ ಹಾಕಿ ನೀರು ಕುದಿಸಿದರೆ ಇಂಧನ ಬರುತ್ತದೆ ಎಂಬ ಆ ಹೇಳಿಕೆ ವೈಜ್ಞಾನಿಕ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ವಿಷಯ ಸಿಬಿಐ ತನಿಖೆಗೂ ನ್ಯಾಯಾಲಯಕ್ಕೂ ಹೋಯಿತು. ಆಗ ವಾಟ್ಸಾಪ್ ಇರಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಇದ್ದಿಲ ಬಸ್ಸು: ನಿಜ, ಅಜ್ಜಂದಿರು ಕಂಡದ್ದು

ಪೆಟ್ರೋಲ್ ಇಲ್ಲದೆ ಬಸ್ಸು ಓಡಿಸುವುದು ನಮ್ಮ ನಾಡಿಗೆ ಹೊಸತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ಇದ್ದಿಲಿನ ದೊಡ್ಡ ಡ್ರಮ್ ಕಟ್ಟಲಾಗುತ್ತಿತ್ತು. ಇದ್ದಿಲನ್ನು ಗಾಳಿ ಸಾಲದಂತೆ ಉರಿಸಿದರೆ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದೇ ಇಂಜಿನ್‌ಗೆ ಇಂಧನ.

ಗಾಡಿ ಓಡುತ್ತಿತ್ತು, ಆದರೆ ಇಂಜಿನ್‌ನ ಬಲ ಮೂರನೇ ಒಂದು ಪಾಲಿನಷ್ಟಾದರೂ ಕುಗ್ಗುತ್ತಿತ್ತು. ಬೆಳಿಗ್ಗೆ ಹೊರಡುವ ಮೊದಲು ಕುಲುಮೆ ಹೊತ್ತಿಸಿ ಕಾಯಬೇಕು, ಏರು ಬಂದಾಗ ಪ್ರಯಾಣಿಕರು ಇಳಿಯಬೇಕು. ಅನಿಲವೂ ವಿಷಕಾರಿ. ಪೆಟ್ರೋಲ್ ಮತ್ತೆ ಸಿಕ್ಕ ಕೂಡಲೇ ಜನ ಡ್ರಮ್ ಬಿಚ್ಚಿಟ್ಟರು. 'ಓಡುತ್ತದೆ' ಎನ್ನುವುದು ಬೇರೆ, 'ದಿನಾ ಓಡಿಸಲು ಅನುಕೂಲ' ಎನ್ನುವುದು ಬೇರೆ. ಮುಂದಿನ ಮೂರು ಇಂಧನಗಳನ್ನು ನೋಡುವಾಗ ಈ ವ್ಯತ್ಯಾಸ ನೆನಪಿರಲಿ.

ಹೊಂಗೆ ಎಣ್ಣೆ: ಕೆಲಸ ಮಾಡುತ್ತದೆ, ಆದರೆ ಗಾಣದಿಂದ ನೇರ ಟ್ಯಾಂಕಿಗಲ್ಲ

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ಕರ್ನಾಟಕದಲ್ಲಿ ಈ ದಾರಿ ಹಿಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ. ಹಳ್ಳಿಗಳ ಡೀಸೆಲ್ ಜನರೇಟರುಗಳನ್ನು ಹೊಂಗೆ ಎಣ್ಣೆಯಲ್ಲಿ ಓಡಿಸಿ, ಆ ಕರೆಂಟಿನಿಂದ ನೀರೆತ್ತಬಹುದೆಂದು ಅವರು ತೋರಿಸಿದರು. 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿಯನ್ನೇ ತಂದಿತು. 'ಹಸಿರು ಹೊನ್ನು', 'ಬರಡು ಬಂಗಾರ' ಯೋಜನೆಗಳಲ್ಲಿ ಹೊಂಗೆ, ಬೇವು, ಹಿಪ್ಪೆ ಗಿಡಗಳನ್ನು ನೆಡಲಾಯಿತು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಇದೆ. ಕೆಎಸ್ಆರ್‌ಟಿಸಿ ಬಸ್ಸುಗಳಲ್ಲೂ ಬಯೋಡೀಸೆಲ್ ಮಿಶ್ರಣ ಬಳಸಿ ನೋಡಲಾಗಿದೆ.

ಹಾಗಾದರೆ ಗಾಣದ ಎಣ್ಣೆಯನ್ನು ನೇರವಾಗಿ ಪಿಕಪ್‌ಗೆ ಸುರಿಯಬಹುದೇ? ಬೇಡ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಹಳೆಯ ನಿಧಾನಗತಿಯ ಪಂಪ್‌ಸೆಟ್ ಇಂಜಿನ್ ಅದನ್ನು ಸ್ವಲ್ಪ ಕಾಲ ಸಹಿಸಿಕೊಂಡೀತು. ಇಂದಿನ ಬಿಎಸ್6 ಡೀಸೆಲ್ ಗಾಡಿಗಳ ಇಂಜೆಕ್ಟರ್ ರಂಧ್ರಗಳು ಕೂದಲೆಳೆಯಷ್ಟು ಸಣ್ಣವು. ಅಲ್ಲಿ ಎಣ್ಣೆ ಸರಿಯಾಗಿ ಸಿಂಪಡಿಕೆಯಾಗದೆ ಕರಿ ಕಟ್ಟುತ್ತದೆ. ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದ ಜೊತೆ ಬೆರೆಸಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ನೀರಿನಂಶ ತೆಗೆದ ಮೇಲೆ ಸಿಗುವುದು ಬಯೋಡೀಸೆಲ್. ಬಸ್ಸಿಗೆ ಹಾಕಿದ್ದು ಅದು.

ಇನ್ನು ಪ್ರಮಾಣದ ಮಾತು. ಸುಮಾರು ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಲೀಟರ್ ಎಣ್ಣೆ. ವರ್ಷಕ್ಕೆ 10,000 ಕಿ.ಮೀ. ಓಡುವ, ಲೀಟರಿಗೆ 18 ಕಿ.ಮೀ. ಕೊಡುವ ಒಂದು ಡೀಸೆಲ್ ಕಾರಿಗೆ 550 ಲೀಟರ್ ಬೇಕು, ಅಂದರೆ ಎರಡು ಟನ್‌ಗೂ ಹೆಚ್ಚು ಬೀಜ. ಮರಕ್ಕೆ 20 ಕೆ.ಜಿ. ಸಿಕ್ಕರೂ ನೂರಕ್ಕಿಂತ ಹೆಚ್ಚು ಮರಗಳ ಫಸಲು ಒಂದೇ ಕಾರಿಗೆ ಖರ್ಚು. ಅದನ್ನು ಆಯಲು ಕೂಲಿಯಾಳು ಬೇಕು. ಮೇಲಾಗಿ ಹೊಂಗೆ ಹೆಚ್ಚು ಒಗ್ಗುವುದು ಕಡೂರು, ತರೀಕೆರೆ ಕಡೆಯ ಬಯಲಿಗೆ. ತೋಟದ ಬೇಲಿಯ ಹೊಂಗೆಯಿಂದ ಪಂಪ್‌ಸೆಟ್ಟಿಗೆ ಸ್ವಲ್ಪ ನೆರವಾದೀತು, ಊರಿನ ಗಾಡಿಗಳೆಲ್ಲ ಅದರಲ್ಲಿ ಓಡಲಾರವು.

ಲಂಡನ್‌ನ ಕಾಫಿ ಬಸ್ಸು: ನಡೆದದ್ದು ನಿಜ, ಅರ್ಥ ಮಾಡಿಕೊಂಡದ್ದು ತಪ್ಪು

2017ರ ನವೆಂಬರ್‌ನಲ್ಲಿ ಲಂಡನ್ ಬಸ್ಸುಗಳ ಡೀಸೆಲ್‌ಗೆ ಕಾಫಿ ಎಣ್ಣೆ ಸೇರಿದ ಬಯೋಡೀಸೆಲ್ ಬೆರೆಸಿದ್ದು ನಿಜ. ಬಯೋ-ಬೀನ್ ಎಂಬ ಕಂಪನಿ ಶೆಲ್ ನೆರವಿನಿಂದ ಇದನ್ನು ಮಾಡಿತು. ಆದರೆ ಬಸ್ಸು ಬರೀ ಕಾಫಿಯಲ್ಲಿ ಓಡಲಿಲ್ಲ. ಇಂಧನದಲ್ಲಿ ಐದನೇ ಒಂದು ಪಾಲು ಬಯೋಡೀಸೆಲ್, ಅದರಲ್ಲೂ ಒಂದು ಭಾಗ ಮಾತ್ರ ಕಾಫಿ ಎಣ್ಣೆ. ಆಗ ತಯಾರಾಗಿದ್ದ ಕಾಫಿ ಎಣ್ಣೆ 6,000 ಲೀಟರ್, ಒಂದು ಬಸ್ಸಿನ ಒಂದು ವರ್ಷದ ಲೆಕ್ಕಕ್ಕೆ ಸರಿಹೋಗುವಷ್ಟು. ಲಂಡನ್‌ನಲ್ಲಿರುವ ಬಸ್ಸುಗಳು ಸಾವಿರಾರು. ಆ ಕಂಪನಿ 2023ರಲ್ಲಿ ಬಾಗಿಲು ಹಾಕಿತು.

ಇನ್ನೊಂದು ಮುಖ್ಯ ವಿಷಯ: ಅಲ್ಲಿ ಬಳಸಿದ್ದು ಕಾಫಿ ಕುಡಿದ ಮೇಲೆ ಉಳಿಯುವ ಚರಟ. ನಮ್ಮ ಬೆಟ್ಟಗಳಲ್ಲಿ ಕಾಫಿ ಬೆಳೆಯುತ್ತದೆ, ಆದರೆ ಬಹುಪಾಲು ಕಾಳು ಹೊರದೇಶಕ್ಕೆ ಹೋಗುತ್ತದೆ. ಚರಟ ಉಳಿಯುವುದು ಕುಡಿಯುವವರ ಊರಿನಲ್ಲಿ. ತಿಂಗಳಿಗೆ ಒಂದು ಕೆ.ಜಿ. ಪುಡಿ ಬಳಸುವ ಮನೆಯ ವರ್ಷದ ಚರಟವನ್ನೆಲ್ಲ ಒಣಗಿಸಿ ಎಣ್ಣೆ ತೆಗೆದರೆ ಹೆಚ್ಚೆಂದರೆ ಒಂದು ಲೀಟರ್ ಆಸುಪಾಸು. ಚಿಕೋರಿ ಬೆರೆತಿದ್ದರೆ ಇನ್ನೂ ಕಡಿಮೆ. ಅಂದರೆ ವರ್ಷವಿಡೀ ಕುಡಿದ ಕಾಫಿಯಿಂದ ಕಾರು ಚಾರ್ಮಾಡಿಯನ್ನು ಒಂದು ಸಲವೂ ಪೂರ್ತಿ ಹತ್ತಲಾರದು. ಅದನ್ನು ಗೊಬ್ಬರದ ಗುಂಡಿಗೆ ಹಾಕುವುದೇ ಮೇಲು.

ಗೋಬರ್ ಗ್ಯಾಸ್ ಮತ್ತು ಪಲ್ಪಿಂಗ್ ನೀರು: ಒಲೆಗೆ ಒಳ್ಳೆಯದು

ತೋಟದಲ್ಲಿ ನಿಜಕ್ಕೂ ಉಳಿಯುವುದು ಹಣ್ಣಿನ ಸಿಪ್ಪೆ ಮತ್ತು ಪಲ್ಪಿಂಗ್ ನೀರು. ಈ ನೀರಿನಲ್ಲಿ ಸಕ್ಕರೆಯಂಶ ಹೆಚ್ಚು. ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಕೊಳೆತು ನೀರಿನ ಆಮ್ಲಜನಕವನ್ನು ತಿಂದು ಮೀನು ಸಾಯಿಸುತ್ತದೆ. ಅದನ್ನೇ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ ಮೀಥೇನ್ ಸಿಗುತ್ತದೆ. ಆದರೆ ಪಲ್ಪಿಂಗ್ ನಡೆಯುವುದು ಕೊಯ್ಲಿನ ಕೆಲವೇ ತಿಂಗಳು. ವರ್ಷದ ಉಳಿದ ಕಾಲಕ್ಕೆ ಸಗಣಿಯೇ ಗತಿ.

25 ಕೆ.ಜಿ. ಸಗಣಿಯಿಂದ ಸುಮಾರು ಒಂದು ಘನ ಮೀಟರ್ ಗ್ಯಾಸ್. ಘಾಟಿಯ ಸುಂಕ ಕಟ್ಟಲು ಇಂಜಿನ್‌ಗೆ ಎರಡು ಘನ ಮೀಟರ್‌ಗೂ ಹೆಚ್ಚು ಬೇಕು. ಅಂದರೆ ಐದಾರು ಹಸುಗಳ ಒಂದು ದಿನದ ಸಗಣಿ, ಮಲೆನಾಡು ಗಿಡ್ಡ ಆದರೆ ಇನ್ನೂ ಹೆಚ್ಚು ಹಸುಗಳು. ಅದನ್ನು ಶುದ್ಧಮಾಡಿ, ಸಿಎನ್‌ಜಿಯಂತೆ 200 ಪಟ್ಟು ಒತ್ತಡದಲ್ಲಿ ತುಂಬಲು ದುಬಾರಿ ಕಂಪ್ರೆಸರ್ ಬೇಕು. ಮನೆಯಲ್ಲಿ ಟ್ಯೂಬಿಗೆ ತುಂಬಿ ಬೈಕ್ ಓಡಿಸುವ ವಿಡಿಯೋಗಳನ್ನು ಅನುಕರಿಸಬೇಡಿ, ಸ್ಫೋಟದ ಅಪಾಯ ಇದೆ.

ಅದೇ ಒಂದು ಘನ ಮೀಟರ್ ಗ್ಯಾಸ್ ಒಲೆಯಲ್ಲಿ 400 ಗ್ರಾಂಗೂ ಹೆಚ್ಚು ಎಲ್‌ಪಿಜಿಯ ಕೆಲಸ ಮಾಡುತ್ತದೆ. ಒಲೆ ಅರ್ಧಕ್ಕಿಂತ ಹೆಚ್ಚು ಶಾಖವನ್ನು ಪಾತ್ರೆಗೆ ಕೊಟ್ಟರೆ ಇಂಜಿನ್ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ. ಹಾಗಾಗಿ ಗೋಬರ್ ಗ್ಯಾಸ್ ಅಡುಗೆಮನೆಯಲ್ಲೇ ಇರಲಿ. ಬಂಕ್‌ನಲ್ಲಿ ಸಿಗುವ ಮಾಮೂಲಿ ಸಿಎನ್‌ಜಿ ನೆಲದಡಿಯ ಅನಿಲ. ಹೊಗೆ ಕಡಿಮೆಯಾದರೂ ಅದೂ ಪೆಟ್ರೋಲಿನ ಬಂಧುವೇ.

ಇ20 ಪೆಟ್ರೋಲ್: ಭಯ ಅರ್ಧ ನಿಜ

ಇ20 ಎಂದರೆ ನೂರು ಪಾಲಿನಲ್ಲಿ 20 ಪಾಲು ಎಥೆನಾಲ್. ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಇದನ್ನು ತಯಾರಿಸುತ್ತಾರೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಯೋಚನೆ ಹಳೆಯದು. ಭಾರತದಲ್ಲಿ 1948ರಲ್ಲೇ ಇದಕ್ಕೊಂದು ಕಾಯ್ದೆ ಬಂದಿತ್ತು.

*"ಮೈಲೇಜ್ ಐದನೇ ಒಂದು ಭಾಗ ಹೋಗುತ್ತದೆ."* ಇಲ್ಲ. ನಮ್ಮ ಪಟ್ಟಿಯನ್ನೇ ನೋಡಿ. ಒಂದು ಲೀಟರ್ ಪೆಟ್ರೋಲ್ 9 ಯೂನಿಟ್ ಆದರೆ ಇ20 ಸುಮಾರು 8.4 ಯೂನಿಟ್. ಶಕ್ತಿ ಕಡಿಮೆಯಾದದ್ದು ನೂರಕ್ಕೆ ಆರೇಳು. ನೀತಿ ಆಯೋಗದ 2021ರ ವರದಿಯೂ ಇ20ಗೆಂದು ತಯಾರಾಗದ ಕಾರುಗಳಲ್ಲಿ ನೂರಕ್ಕೆ 6–7, ಅಂಥ ದ್ವಿಚಕ್ರ ವಾಹನಗಳಲ್ಲಿ 3–4 ಇಳಿಕೆ ಎಂದಿತ್ತು. ಇಳಿಕೆ ಇದೆ, ಫಾರ್ವರ್ಡ್ ಹೇಳುವಷ್ಟಿಲ್ಲ.

*"ಮಳೆಗಾಲದಲ್ಲಿ ನೀರು ತುಂಬುತ್ತದೆ."* ಗಾಳಿಯ ತೇವದಿಂದಲೇ ಟ್ಯಾಂಕ್ ತುಂಬುವುದಿಲ್ಲ. ಆದರೆ ನಮ್ಮ ಮಳೆಯ ಮಟ್ಟಿಗೆ ಒಂದು ಎಚ್ಚರ ಬೇಕೇ ಬೇಕು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಅದು ಕರಗಿ, ಇಂಜಿನ್‌ನಲ್ಲಿ ಆವಿಯಾಗಿ ಹೋಗುತ್ತದೆ. ಐದು ಲೀಟರಿನ ಸ್ಕೂಟರ್ ಟ್ಯಾಂಕಿಗೆ ಹಲವು ಚಮಚ ನೀರು ಸೇರಿದರೆ ಮಾತ್ರ ನೀರು ಮತ್ತು ಎಥೆನಾಲ್ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಇಂಧನ ಎಳೆಯುವ ಕೊಳವೆಯೂ ತಳದಲ್ಲೇ ಇರುವುದರಿಂದ ಗಾಡಿ ನಿಲ್ಲುತ್ತದೆ. ಆದ್ದರಿಂದ ಮುಚ್ಚಳದ ರಬ್ಬರ್ ಸವೆದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಾಯಿಸಿ. ಬೈಕನ್ನು ಮಳೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಹಳೆಯ ಗಾಡಿಯ ರಬ್ಬರ್ ಕೊಳವೆಗಳನ್ನು ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಿ.

ಎಲೆಕ್ಟ್ರಿಕ್ ಗಾಡಿ ಘಾಟಿ ಹತ್ತುತ್ತದೆಯೇ?

ಹತ್ತುತ್ತದೆ. ಇಂಜಿನ್‌ಗೆ ಬಲ ಬರಲು ಅದು ವೇಗವಾಗಿ ತಿರುಗಬೇಕು, ಅದಕ್ಕೇ ಏರಿನಲ್ಲಿ ಗೇರ್ ಇಳಿಸುತ್ತೇವೆ. ಮೋಟಾರ್ ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ. ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ನೂರಕ್ಕೆ 85ರಷ್ಟು ಚಕ್ರ ತಲುಪುತ್ತದೆ. ಹಾಗಾಗಿ ಘಾಟಿಯ 3.3 ಯೂನಿಟ್ ಸುಂಕಕ್ಕೆ ಬ್ಯಾಟರಿಯಿಂದ ನಾಲ್ಕು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಸಾಕು. ರಾಜ್ಯದಲ್ಲಿ 2023ರಲ್ಲಿ ಶುರುವಾದ ಕೆಎಸ್ಆರ್‌ಟಿಸಿಯ 'ಇವಿ ಪವರ್ ಪ್ಲಸ್' ಎಲೆಕ್ಟ್ರಿಕ್ ಬಸ್ಸುಗಳ ಊರುಗಳಲ್ಲಿ ಮಡಿಕೇರಿ, ಚಿಕ್ಕಮಗಳೂರುಗಳೂ ಇವೆ.

ಆದರೆ ಈ ಫಾರ್ವರ್ಡ್ ಹುಟ್ಟಿದ್ದಕ್ಕೆ ಎರಡು ಕಾರಣಗಳಿವೆ.

ಒಂದು, ನೋಂದಣಿ ಬೇಡದ 250 ವಾಟ್‌ನ ಸಣ್ಣ ಸ್ಕೂಟರ್‌ಗಳು. ಸವಾರ ಸೇರಿ 180 ಕೆ.ಜಿ. ಇರುವ ಸ್ಕೂಟರ್ ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗಲು ಏರಿಗೆಂದೇ ಸುಮಾರು 1000 ವಾಟ್ ಬೇಕು. 250 ವಾಟ್‌ನದ್ದು ನಿಲ್ಲದೆ ಇನ್ನೇನಾಗುತ್ತದೆ? ತೋಟದ ಮಣ್ಣು ರಸ್ತೆ ಇದಕ್ಕಿಂತ ಎರಡು ಪಟ್ಟು ಕಡಿದಾಗಿರಬಹುದು. ಕೊಳ್ಳುವಾಗ ಮೋಟಾರಿನ ಗರಿಷ್ಠ ಬಲವನ್ನಷ್ಟೇ ಕೇಳಬೇಡಿ, ನಿರಂತರವಾಗಿ ಕೊಡಬಲ್ಲ ಬಲ ಎಷ್ಟು ಎಂದು ಕೇಳಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ನಿಮ್ಮ ಮನೆಯ ಏರಿನಲ್ಲೇ ಓಡಿಸಿ ನೋಡಿ.

ಎರಡು, ಮೀಟರ್ ತೋರಿಸುವ ರೇಂಜ್. 30 ಯೂನಿಟ್ ಬ್ಯಾಟರಿಯ ಕಾರು ಘಾಟಿಯ 25 ಕಿ.ಮೀ.ನಲ್ಲಿ ಏಳು ಯೂನಿಟ್‌ನಷ್ಟು ಖರ್ಚು ಮಾಡಬಹುದು. ಸಪಾಟು ರಸ್ತೆಯಲ್ಲಿ ಅದರ ಅರ್ಧ ಸಾಕಿತ್ತು. ಮೀಟರ್ ಸರಸರನೆ ಇಳಿಯುವುದನ್ನು ಕಂಡು ಗಾಬರಿಯಾಗುವುದು ಸಹಜ. ಮಂಗಳೂರಿನಿಂದ ತುಂಬಿಸಿಕೊಂಡು ಹೊರಟರೆ ಮೂಡಿಗೆರೆ ಮುಟ್ಟಲು ತೊಂದರೆ ಇಲ್ಲ. ಅರ್ಧಕ್ಕಿಂತ ಕಡಿಮೆ ಇಟ್ಟುಕೊಂಡು ಉಜಿರೆಯಿಂದ ಏರಲು ಹೊರಡಬೇಡಿ.

ಇಳಿಯುವಾಗ ಮರಳಿ ಬರುವ ಸುಂಕ

ಬೆಟ್ಟದವರಿಗೆ ಹೇಳಲೇಬೇಕಾದ, ಆದರೆ ಯಾವ ಫಾರ್ವರ್ಡ್‌ನಲ್ಲೂ ಕಾಣದ ವಿಷಯ ಇದು. ಮೇಲೆ ಹತ್ತಿದ ಗಾಡಿಯಲ್ಲಿ ಆ 3.3 ಯೂನಿಟ್ ಎತ್ತರದ ರೂಪದಲ್ಲಿ ಉಳಿದಿರುತ್ತದೆ. ಇಳಿಯುವಾಗ ಪೆಟ್ರೋಲ್, ಡೀಸೆಲ್, ಹೊಂಗೆ, ಎಥೆನಾಲ್ ಯಾವುದರ ಗಾಡಿಯಾದರೂ ಆ ಶಕ್ತಿಯನ್ನು ಬ್ರೇಕ್ ಮತ್ತು ಇಂಜಿನ್‌ನಲ್ಲಿ ಬಿಸಿ ಮಾಡಿ ಕಳೆಯುತ್ತದೆ. ಘಾಟಿಯ ಬುಡದಲ್ಲಿ ಬರುವ ಬ್ರೇಕ್ ವಾಸನೆ ಅದೇ. ನೀವು ಕೊಟ್ಟ ದುಡ್ಡೇ ಅಲ್ಲಿ ಸುಡುತ್ತಿರುವುದು.

ಎಲೆಕ್ಟ್ರಿಕ್ ಕಾರಿನಲ್ಲಿ ಇಳಿಜಾರಿನಲ್ಲಿ ಮೋಟಾರ್ ಡೈನಮೋ ಆಗುತ್ತದೆ. ಚಕ್ರ ಅದನ್ನು ತಿರುಗಿಸುತ್ತದೆ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಉಜ್ಜುವಿಕೆ, ಗಾಳಿ, ಪರಿವರ್ತನೆಯ ನಷ್ಟ ಕಳೆದರೆ ನಮ್ಮ ಕಾರಿಗೆ ಒಂದರಿಂದ ಒಂದೂವರೆ ಯೂನಿಟ್ ಮರಳಿ ಸಿಗುತ್ತದೆ, ಸುಮಾರು ಹತ್ತು ಕಿ.ಮೀ. ಓಟಕ್ಕೆ ಸಾಕಾಗುವಷ್ಟು. ಹತ್ತಿದ ಖರ್ಚೆಲ್ಲ ವಾಪಸ್ ಬರುತ್ತದೆ ಎನ್ನುವ ಜಾಹೀರಾತನ್ನು ನಂಬಬೇಡಿ. ಹಾಗೆಯೇ ಏನೂ ಬರುವುದಿಲ್ಲ ಎನ್ನುವುದನ್ನೂ ನಂಬಬೇಡಿ.

ಇಲ್ಲೊಂದು ಸುರಕ್ಷತೆಯ ಮಾತಿದೆ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಮರಳಿ ಬರುವ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ಮೋಟಾರಿನ ಹಿಡಿತ ಕಡಿಮೆಯಾಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕೊಟ್ಟಿಗೆಹಾರದ ಕಡೆಯ ಮನೆಯಿಂದ ಕೆಳಗಿಳಿಯುವವರು 80–85ರವರೆಗೆ ಮಾತ್ರ ಚಾರ್ಜ್ ಮಾಡಿಕೊಂಡು ಹೊರಡಿ. ಸ್ಕೂಟರ್‌ಗಳಲ್ಲಿ ಈ ಸೌಲಭ್ಯ ಎಲ್ಲದರಲ್ಲೂ ಇಲ್ಲ, ಇದ್ದರೂ ಬಲ ಕಡಿಮೆ.

ಪೆಟ್ರೋಲ್ ಕಾರಿನವರಿಗೂ ಒಂದು ಮಾತು. "ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ" ಎನ್ನುವುದು ಅಪಾಯಕಾರಿ ತಪ್ಪು. ಇಂದಿನ ಇಂಜೆಕ್ಷನ್ ಇಂಜಿನ್‌ಗಳು ಗೇರ್‌ನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಸುಮ್ಮನೆ ಉರಿಯಲು ಪೆಟ್ರೋಲ್ ಬೇಕು, ಬ್ರೇಕೂ ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರ್‌ನಲ್ಲೇ ಇಳಿಯಿರಿ.

ಇಳಿಜಾರಿನ ಶಕ್ತಿ ಎಷ್ಟು ದೊಡ್ಡದು ಎನ್ನುವುದಕ್ಕೆ ಉದಾಹರಣೆ ನಮ್ಮಲ್ಲೇ ಇತ್ತು. ಕುದುರೆಮುಖದ ಅದಿರನ್ನು ನೀರಿನೊಂದಿಗೆ ಬೆರೆಸಿ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು, ಹೆಚ್ಚಾಗಿ ಬೆಟ್ಟದ ಎತ್ತರದ ಬಲದಿಂದಲೇ. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಸ್ವಿಟ್ಜರ್‌ಲ್ಯಾಂಡಿನಲ್ಲಿ ಒಂದು ಎಲೆಕ್ಟ್ರಿಕ್ ಗಣಿ ಲಾರಿ ಖಾಲಿಯಾಗಿ ಬೆಟ್ಟ ಹತ್ತಿ, 65 ಟನ್ ಕಲ್ಲು ಹೊತ್ತು ಇಳಿಯುತ್ತದೆ. ಇಳಿಯುವಾಗ ಸಿಗುವ ಕರೆಂಟೇ ಹತ್ತಲು ಸಾಕಾಗುತ್ತದೆ. ಕಾಫಿ ಮೂಟೆಗಳೂ ಬೆಟ್ಟದಿಂದ ಬಂದರಿನ ಕಡೆಗೆ ಇಳಿಯುವ ಸರಕೇ. ಇಳಿಯುವಾಗ ಹೊರೆ, ಏರುವಾಗ ಹಗುರ ಎನ್ನುವ ಸಾಗಾಟಕ್ಕೆ ಎಲೆಕ್ಟ್ರಿಕ್ ಗಾಡಿಯಷ್ಟು ಒಗ್ಗುವುದು ಬೇರೆ ಇಲ್ಲ.

ಮಳೆ, ಶಾಕ್, ಬೆಂಕಿ, ಕರೆಂಟ್ ಕಟ್

*"ಮಳೆಯಲ್ಲಿ ಶಾಕ್ ಹೊಡೆಯುತ್ತದೆ."* ಬ್ಯಾಟರಿ ಪೆಟ್ಟಿಗೆಗಳು ಸಾಮಾನ್ಯವಾಗಿ ಐಪಿ67 ಮಟ್ಟದವು. ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ನೀರು ಒಳಗೆ ಹೋಗದು. ಮಳೆಗೆ ಹೆದರಬೇಕಿಲ್ಲ. ಆದರೆ ಈ ಪರೀಕ್ಷೆ ನಿಂತ ನೀರಿನದ್ದು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದಾಗ ಯಾವ ಗಾಡಿಯನ್ನೂ ಇಳಿಸಬೇಡಿ. ಅಲ್ಲಿ ಕೊಲ್ಲುವುದು ಕರೆಂಟಲ್ಲ, ಸೆಳವು. ಮನೆಯಲ್ಲಿ ಚಾರ್ಜ್ ಮಾಡಲು ಸರಿಯಾದ ಅರ್ಥಿಂಗ್ ಇರಬೇಕು, ಪ್ಲಗ್ ಮಳೆ ನೀರು ಬೀಳದ ಜಾಗದಲ್ಲಿರಬೇಕು.

*"ಬೆಂಕಿ ಹತ್ತುತ್ತದೆ."* 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ್ದು ನಿಜ. ಆಮೇಲೆ ಅದೇ ವರ್ಷದ ಡಿಸೆಂಬರ್‌ನಿಂದ ಬ್ಯಾಟರಿ ಸುರಕ್ಷತಾ ನಿಯಮಗಳು ಹಂತಹಂತವಾಗಿ ಬಿಗಿಯಾದವು. ಅದಕ್ಕೂ ಹಿಂದಿನ ಹಳೆಯ ಸ್ಕೂಟರ್ ಅಥವಾ ಬಿಡಿ ಬ್ಯಾಟರಿ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಬೇಡಿ.

*"ಕರೆಂಟೇ ಇಲ್ಲದ ಊರಿಗೆ ಕರೆಂಟ್ ಗಾಡಿ ಏಕೆ?"* ಎಲ್ಲ ಆಕ್ಷೇಪಗಳಲ್ಲಿ ತೂಕವಿರುವುದು ಇದಕ್ಕೆ. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಒಳ ಹಳ್ಳಿಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. 2019ರ ಆಗಸ್ಟ್‌ನ ಮಳೆಯಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡ ಕುಸಿದು, ಚಾರ್ಮಾಡಿ ರಸ್ತೆಯೇ ಬಂದ್ ಆಗಿತ್ತು. ಮನೆಯ ಇನ್ವರ್ಟರ್ ನೆರವಾಗದು. ಅದರ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು ಎರಡು ಯೂನಿಟ್‌ಗಿಂತ ಕಡಿಮೆ, ಕಾರಿಗೆ ಬೇಕಾದದ್ದು 30. ಸೌರ ಫಲಕವೂ ಜುಲೈ ಮೋಡದಲ್ಲಿ ಹೆಚ್ಚು ಕೊಡದು. ಆದ್ದರಿಂದ ಮಳೆಗಾಲದಲ್ಲಿ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬಿಡಬೇಡಿ. ಅಂಥ ಊರಿನಲ್ಲಿ ಮನೆಗೆ ಇರುವುದು ಒಂದೇ ಗಾಡಿ, ರಾತ್ರಿ ಆಸ್ಪತ್ರೆಗೂ ಅದೇ ಗತಿ ಎಂದಾದರೆ ಸದ್ಯಕ್ಕೆ ಪೆಟ್ರೋಲ್ ಅಥವಾ ಹೈಬ್ರಿಡ್ ಇಟ್ಟುಕೊಳ್ಳುವುದು ತಪ್ಪಲ್ಲ.

*"ಕರೆಂಟ್ ಬರುವುದೂ ಕಲ್ಲಿದ್ದಲಿನಿಂದಲೇ."* ದೇಶದ ಹೆಚ್ಚಿನ ಕರೆಂಟ್ ಕಲ್ಲಿದ್ದಲಿನದ್ದೇ. ಆದರೂ ಲೆಕ್ಕ ಹಾಕಿದರೆ ಎಲೆಕ್ಟ್ರಿಕ್ ಸ್ಕೂಟರ್‌ನ ಕಿಲೋಮೀಟರಿಗೆ ಬರುವ ಕಾರ್ಬನ್ ಡೈಆಕ್ಸೈಡ್ ಪೆಟ್ರೋಲ್ ಸ್ಕೂಟರ್‌ನ ಅರ್ಧದಷ್ಟು. ಕಾರಿನಲ್ಲಿ ಲಾಭ ಇದಕ್ಕಿಂತ ಕಡಿಮೆ. ಶರಾವತಿಯ ಜಲವಿದ್ಯುತ್, ಪಾವಗಡದ ಸೌರ ವಿದ್ಯುತ್ ಇರುವ ನಮ್ಮ ರಾಜ್ಯದಲ್ಲಿ ಪರಿಸ್ಥಿತಿ ಸ್ವಲ್ಪ ಮೇಲು.

ಹಾಗಾದರೆ ಯಾರಿಗೆ ಯಾವುದು?

• ದಿನಾ ಪೇಟೆಗೆ ಹೋಗಿಬರುವವರು, ಮನೆಯಲ್ಲೇ ಪ್ಲಗ್ ಇರುವವರು: ಸಾಕಷ್ಟು ಬಲದ ಎಲೆಕ್ಟ್ರಿಕ್ ಸ್ಕೂಟರ್.
• ಎರಡು ಗಾಡಿ ಇರುವ ಮನೆ: ಒಂದು ಎಲೆಕ್ಟ್ರಿಕ್, ಇನ್ನೊಂದು ಪೆಟ್ರೋಲ್ ಅಥವಾ ಡೀಸೆಲ್.
• ಕರೆಂಟ್ ಆಗಾಗ ಹೋಗುವ ಒಳ ಹಳ್ಳಿಯ ಒಂದೇ ಗಾಡಿ: ಸದ್ಯ ಪೆಟ್ರೋಲ್ ಅಥವಾ ಹೈಬ್ರಿಡ್.
• ಆಳು, ಗೊಬ್ಬರ ಹೊತ್ತು ಕೆಸರಿನಲ್ಲಿ ಏರುವ ಜೀಪು, ಪಿಕಪ್: ಸದ್ಯ ಡೀಸೆಲ್. ಪ್ರಮಾಣಿತ ಬಯೋಡೀಸೆಲ್ ಮಿಶ್ರಣ ಸಿಕ್ಕರೆ, ಗಾಡಿಯ ಕಂಪನಿ ಒಪ್ಪಿದ ಪ್ರಮಾಣದಲ್ಲಿ ಬಳಸಬಹುದು.
• ಸಗಣಿ, ಪಲ್ಪಿಂಗ್ ನೀರು: ಅಡುಗೆಮನೆಗೆ.

ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ

ಮುಂದಿನ ಸಲ 'ಪೆಟ್ರೋಲ್‌ಗೆ ಗುಡ್ ಬೈ' ಎಂಬ ವಿಡಿಯೋ ಬಂದಾಗ ಹೀಗೆ ಕೇಳಿ. ಒಂದು: ಇದರಲ್ಲಿ ಯೂನಿಟ್ ಎಲ್ಲಿಂದ ಬಂತು? ಉತ್ತರ 'ನೀರಿನಿಂದ', 'ಅಯಸ್ಕಾಂತದಿಂದ', 'ತಾನಾಗಿಯೇ' ಎಂದಾದರೆ ಅಲ್ಲಿಗೇ ಅಳಿಸಿಬಿಡಿ. ಎರಡು: ಒಂದು ಗಾಡಿಗೆ ಸಿಗುವಷ್ಟು ಇಂಧನ ಊರಿಗೆಲ್ಲ ಸಿಗುತ್ತದೆಯೇ? ಮೂರು: ಜುಲೈ ತಿಂಗಳ ಮಳೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ನಿಮ್ಮ ಮನೆಯ ಏರಿನಲ್ಲಿ ಅದು ಹೊರಡುತ್ತದೆಯೇ?

ಮೂರನೆಯದಕ್ಕೆ ಉತ್ತರ ವಿಡಿಯೋದಲ್ಲಿ ಸಿಗುವುದಿಲ್ಲ. ನಿಮ್ಮ ಊರಿನಲ್ಲೇ ಅಂಥ ಗಾಡಿಯಲ್ಲಿ ಒಂದು ಮಳೆಗಾಲ ಕಳೆದವರನ್ನು ಕೇಳಿ. ಫಾರ್ವರ್ಡ್ ಮಾಡಲು ಯೋಗ್ಯವಾದದ್ದು ಅವರ ಮಾತು.